ನಲವತ್ತೊಂದು ಲಿಫ್ಟು, ಒಂದೇ ಕಾಗದ

ಹದಿನಾಲ್ಕನೇ ಮಹಡಿ. ಲಿಫ್ಟಿನ ಬಾಗಿಲು ತೆರೆದಿತ್ತು. ಒಳಗೆ ಲಿಫ್ಟು ಇರಲಿಲ್ಲ.

ನನ್ನ ಬಲಗಾಲಿನ ಚಪ್ಪಲಿ ಆಗಲೇ ಕೆಳಗೆ ಹೋಗಿತ್ತು. ಮನಸ್ಸಿನಲ್ಲೇ ಎಣಿಸಿದೆ. ಒಂದು... ಎರಡು... ಮೂರು... ಎಲ್ಲೋ ತಳದಲ್ಲಿ ಟಪ್ ಎಂದಿತು.

ನನ್ನ ಕಾಲರ್ ಗೋಡೆಯ ಮುಷ್ಟಿಯಲ್ಲಿತ್ತು. ಗೋಡೆ ಎಂದರೆ ಆ ಲಿಫ್ಟ್ ಕಂಪನಿಯ ಸೆಕ್ಯೂರಿಟಿಯವನು. ಆರಡಿ ಎತ್ತರ, ಅದಕ್ಕೆ ತಕ್ಕ ಅಗಲ. ಅವನು ಬಾಗಿಲಲ್ಲಿ ನಿಂತರೆ ಗಾಳಿ ಕೂಡ ಬೇರೆ ದಾರಿ ಹುಡುಕಬೇಕು.

"ಒಂದು ಫೈಲ್ ಸರಿ ಮಾಡೋಕೆ ಕರೆಸಿದ್ದು ನಿನ್ನ. ನಲವತ್ತೊಂದು ಫೈಲ್ ಯಾಕೆ ಓಪನ್ ಮಾಡ್ದೆ?"

"ಕಾಲರ್ ಹರಿಯುತ್ತೆ ಕಣಪ್ಪ. ಹಳೇ ಬಟ್ಟೆ."

"ಯಾರು ಕಳಿಸಿದ್ದು ನಿನ್ನ?"

"ನಿಮ್ಮ ಸಾಹೇಬ್ರೇ ಫೋನ್ ಮಾಡಿ ಕರೆಸಿದ್ದು. ಅವ್ರನ್ನೇ ಕೇಳು."

ಅವನು ನನ್ನನ್ನು ಇನ್ನೊಂದು ಗೇಣು ಮುಂದಕ್ಕೆ ತಳ್ಳಿದ. ಕೆಳಗಿನಿಂದ ಗ್ರೀಸ್ ವಾಸನೆ ಬಂತು. ಹನ್ನೆರಡು ದಿನದ ಹಿಂದೆ ಇದೇ ಗುಂಡಿಗೆ ಒಂದು ಲಿಫ್ಟು ಬಿದ್ದಿತ್ತು. ಒಳಗೆ ಒಬ್ಬ ಮೆಕ್ಯಾನಿಕ್ ಇದ್ದ. ಬದುಕಲಿಲ್ಲ.

ಆ ಮೆಕ್ಯಾನಿಕ್ ನಮ್ಮ ಭಾವ. ನನ್ನ ಅಕ್ಕನ ಗಂಡ.

ಈ ವಿಷಯ ಗೋಡೆಗೆ ಗೊತ್ತಿರಲಿಲ್ಲ. ಅವನ ಸಾಹೇಬನಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಇಷ್ಟು ಹೊತ್ತಿಗೆ ಚಪ್ಪಲಿಯ ಹಿಂದೆ ನಾನೂ ಹೋಗಿರುತ್ತಿದ್ದೆ.

ಅಷ್ಟರಲ್ಲಿ ಗೋಡೆಯ ಸೊಂಟದ ವಾಕಿಟಾಕಿ ಕೂಗಿತು. "ಏನಾಯ್ತೋ? ಬಾಯಿ ಬಿಟ್ಟಳಾ?"

ಉತ್ತರ ಹೇಳಲು ಅವನಿಗೆ ಒಂದು ಕೈ ಬೇಕಿತ್ತು. ನನ್ನನ್ನು ಒಳಕ್ಕೆ ಎಳೆದುಕೊಂಡ. ನನಗೂ ಅಷ್ಟೇ ಬೇಕಿತ್ತು. ಉಳಿದಿದ್ದ ಎಡಗಾಲಿನ ಚಪ್ಪಲಿಯ ಹಿಮ್ಮಡಿಯಿಂದ ಅವನ ಕಾಲಿನ ಹೆಬ್ಬೆರಳನ್ನು ಮೈಭಾರ ಹಾಕಿ ತುಳಿದೆ. ಮುಷ್ಟಿ ಸಡಿಲವಾಯಿತು. ನಾನು ಮೆಟ್ಟಿಲಿನ ಕಡೆ ಓಡಿದೆ.

ಅವಸರ ಮಾಡಬೇಡಿ. ಕುಳಿತುಕೊಳ್ಳಿ. ನಿಮ್ಮ ಕೆಲಸದ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಇದನ್ನು ಕೇಳಿ.

ಜೀವ ಉಳಿಸಿಕೊಳ್ಳುವವರು ಯಾವಾಗಲೂ ಕೆಳಕ್ಕೆ ಓಡುತ್ತಾರೆ. ಗೇಟು ಕೆಳಗೆ, ರಸ್ತೆ ಕೆಳಗೆ. ನಾನು ಎಡಗಾಲಿನ ಚಪ್ಪಲಿಯನ್ನೂ ಕಳಚಿ ಮೆಟ್ಟಿಲ ಸಂದಿಯಿಂದ ಕೆಳಕ್ಕೆ ಎಸೆದೆ. ಅದು ಪಟ ಪಟ ಎಂದು ಬಡಿದುಕೊಂಡು ಇಳಿಯಿತು. ಗೋಡೆ ಆ ಸದ್ದಿನ ಹಿಂದೆ ಕುಂಟುತ್ತಾ ಇಳಿದ. ನಾನು ಬರಿಗಾಲಲ್ಲಿ ಮೇಲಕ್ಕೆ ಹತ್ತಿದೆ.

ಇಪ್ಪತ್ತನೇ ಮಹಡಿಗೆ. ಸಾಹೇಬನ ಕೋಣೆಗೆ.

ಹುಚ್ಚು ಅನ್ನಿಸುತ್ತದೆ, ಅಲ್ಲವೇ? ಆದರೆ ನನಗೆ ಆ ಮನುಷ್ಯನ ಹೆಬ್ಬೆಟ್ಟು ಬೇಕಿತ್ತು. ಮಧ್ಯಾಹ್ನ ಮೂರು ಗಂಟೆಗೆ ಭಾವನ ಸಾವಿನ ವಿಚಾರಣೆ, ಅದರೊಳಗೆ ಬೇಕಿತ್ತು. ಆಗ ಒಂದೂ ಮುಕ್ಕಾಲು.

ಹತ್ತುತ್ತಾ ಹತ್ತುತ್ತಾ ಅಕ್ಕನ ಮಾತು ನೆನಪಾಯಿತು. ಭಾವ ಹೋದ ಐದನೇ ದಿನ ಅವಳು ಅಡುಗೆಮನೆಯ ನೆಲದ ಮೇಲೆ ಕುಳಿತು ಅವರ ಊಟದ ಡಬ್ಬಿಯನ್ನು ಮೂರನೇ ಸಲ ತೊಳೆಯುತ್ತಿದ್ದಳು.

"ಸರ್ಟಿಫಿಕೇಟ್ ಇಲ್ಲದ ಲಿಫ್ಟನ್ನ ತಾವಾಗೇ ಓಡಿಸಿದ್ರಂತೆ ಕಣೇ. ಕಂಪನಿಯೋರು ಹಾಗೇ ಬರ್ಕೊಟ್ಟಿದಾರೆ. ಯಾರ ಲಿಫ್ಟ್ ಹತ್ತಿದ್ರೂ ಮೊದಲು ರೋಪ್ ನೋಡ್ತಿದ್ದ ಮನುಷ್ಯ ಅವ್ರು."

"ನಂಗೊತ್ತು ಅಕ್ಕ."

"ವಿಚಾರಣೆ ಮುಗಿದ್ರೆ ಮುಗೀತು. ಸತ್ತೋನ ತಲೆಗೆ ಕಟ್ಟಿಬಿಡ್ತಾರೆ. ಅವ್ನೇನು ಎದ್ದು ಬಂದು ಇಲ್ಲ ಅಂತಾನಾ? ನೀನು ದೊಡ್ಡ ದೊಡ್ಡೋರ ದಾಖಲೆ ರಿಪೇರಿ ಮಾಡ್ತೀಯಲ್ಲ... ಅವ್ರ ಹೆಸರು ವಾಪಸ್ ತಂದ್ಕೊಡೇ. ನಂಗೆ ಬೇರೇನೂ ಬೇಡ."

ನನ್ನ ಕಸುಬೇ ಅದು. ಕಂಪನಿಗಳ ಡೇಟಾಬೇಸಿನಲ್ಲಿ ಕಳೆದುಹೋದದ್ದನ್ನು ಹುಡುಕಿಕೊಡುವುದು, ಕೆಟ್ಟದ್ದನ್ನು ಸರಿ ಮಾಡುವುದು. ಕೆಲವರು ಸರಿ ಇರುವುದನ್ನು ಕೆಡಿಸಲೂ ಕರೆಯುತ್ತಾರೆ. ಅಕ್ಕ ಹೀಗೆ ಕೇಳಿದ ಮೂರು ದಿನಕ್ಕೆ ಈ ಸಾಹೇಬನೇ ಕರೆದ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಒಪ್ಪಿಕೊಂಡೆ.

ಆ ಸಾಹೇಬನನ್ನು ಎಲ್ಲರೂ ಮೊಹರು ಎಂದು ಕರೆಯುತ್ತಾರೆ. ಕೋಟಿನ ಜೇಬಿನಲ್ಲಿ ಸದಾ ಒಂದು ಮೊಹರು. ಮುಂದೆ ಕಾಗದ ಹಿಡಿದರೆ ಸಾಕು, ಓದದೆ ಒತ್ತುತ್ತಾನೆ. ಕಂಪ್ಯೂಟರ್ ಬಂದ ಮೇಲೆ ಮೊಹರಿನ ಜಾಗಕ್ಕೆ ಹೆಬ್ಬೆಟ್ಟಿನ ಯಂತ್ರ ಬಂತು. ಓದುವ ಅಭ್ಯಾಸ ಮಾತ್ರ ಬರಲಿಲ್ಲ.

ಆ ಬೆಳಿಗ್ಗೆ ಅವನ ಡೇಟಾಬೇಸಿನಲ್ಲಿ ನನಗೆ ಸಿಕ್ಕಿದ್ದನ್ನು ಹೇಳುತ್ತೇನೆ. ಗಮನ ಕೊಡಿ, ಕತೆ ಇಲ್ಲೇ ಇದೆ.

ಕಂಪನಿಯ ಕೈಯಲ್ಲಿ ನಲವತ್ತೊಂದು ಲಿಫ್ಟು. ಒಂದೊಂದಕ್ಕೂ ಒಂದೊಂದು ಫೈಲು. ಪ್ರತಿ ಫೈಲಿನಲ್ಲೂ ಅದರ ತಪಾಸಣೆಯ ಕಾಗದ ಇರಬೇಕು. ಭಾವ ಎಲ್ಲ ಲಿಫ್ಟುಗಳನ್ನೂ ನೋಡಿ, ಹೆಚ್ಚಿನವಕ್ಕೆ ರೋಪ್ ಸವೆದಿದೆ, ಬ್ರೇಕ್ ಸರಿಯಿಲ್ಲ, ನಿಲ್ಲಿಸಿ ಎಂದು ಬರೆದು ಹಾಕಿದ್ದರು. ಮೊಹರಿಗೆ ನಿಲ್ಲಿಸುವುದು ಬೇಕಿರಲಿಲ್ಲ. ಒಂದನೇ ನಂಬರಿನ ಹೊಸ ಲಿಫ್ಟಿಗೆ 'ಎಲ್ಲ ಸರಿಯಿದೆ' ಎಂಬ ಸರ್ಟಿಫಿಕೇಟ್ ಮಾಡಿದ. ಅದನ್ನೇ ನಲವತ್ತೊಂದಕ್ಕೂ ಹಾಕು, ಮೆಕ್ಯಾನಿಕ್ ಬರೆದದ್ದನ್ನು ತೆಗೆ ಎಂದು ಗುಮಾಸ್ತನಿಗೆ ಹೇಳಿದ.

ಗುಮಾಸ್ತ ನಲವತ್ತೊಂದು ಪ್ರತಿ ಮಾಡಲಿಲ್ಲ. ಡೇಟಾಬೇಸಿನ ಒಳಗೊಂದು ಬೀರು ಇದೆ ಅಂದುಕೊಳ್ಳಿ, ಅದರಲ್ಲಿ ಒಂದೇ ಕಾಗದ ಇಟ್ಟ. ಪ್ರತಿ ಫೈಲಿನಲ್ಲೂ 'ಕಾಗದ ಬೀರುವಿನಲ್ಲಿದೆ, ಅಲ್ಲಿ ನೋಡಿ' ಎಂಬ ಚೀಟಿ ಇಟ್ಟ. ಕಂಪ್ಯೂಟರಿನವರು ಇದನ್ನು ರೆಫರೆನ್ಸ್ ಅನ್ನುತ್ತಾರೆ. ನಾನು ಚೀಟಿ ಅನ್ನುತ್ತೇನೆ. ಫೈಲು ತೆರೆದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪ್ರತಿಯೊಂದರಲ್ಲೂ ಪೂರ್ತಿ ಕಾಗದ ಇದ್ದಂತೆಯೇ ಕಾಣುತ್ತದೆ.

ಇನ್ನೊಂದು ವಿಷಯ. ಭಾವನ ವರದಿಗಳನ್ನು ತೆಗೆಯುವಾಗಲೂ ಗುಮಾಸ್ತ ಅವುಗಳ ಚೀಟಿ ಮಾತ್ರ ಕಿತ್ತಿದ್ದ. ಕಾಗದಗಳು ಬೀರುವಿನಲ್ಲೇ ಉಳಿದಿದ್ದವು. ಯಾವ ಫೈಲೂ ಅವುಗಳ ಹೆಸರು ಹೇಳುತ್ತಿರಲಿಲ್ಲ, ಅಷ್ಟೇ.

ನಲವತ್ತೊಂದು ಅನಾಥ ಕಾಗದ. ಎಲ್ಲದರ ಕೆಳಗೂ ಭಾವನ ಹೆಸರು. ಅವನ್ನು ನೋಡಿದಾಗ ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಆ ಸಿಟ್ಟು ತಣ್ಣಗಿತ್ತು. ಎಲ್ಲವನ್ನೂ ತೆರೆದು ಓದುತ್ತಿದ್ದಾಗಲೇ ಗುಮಾಸ್ತ ನೋಡಿ ಚಾಡಿ ಹೇಳಿದ. ಗೋಡೆ ಬಂದ. ಮುಂದಿನದು ನಿಮಗೆ ಗೊತ್ತು.

ಇಪ್ಪತ್ತನೇ ಮಹಡಿ. ಬಾಗಿಲು ತಟ್ಟದೆ ಒಳಗೆ ಹೋದೆ.

ಮೊಹರು ಕನ್ನಡಿಯ ಮುಂದೆ ಟೈ ಕಟ್ಟಿಕೊಳ್ಳುತ್ತಿದ್ದ. ವಿಚಾರಣೆಗೆ ಹೊರಟಿದ್ದ. ಕನ್ನಡಿಯಲ್ಲೇ ನನ್ನನ್ನು ನೋಡಿದ. ಮೊದಲು ಮುಖ, ಆಮೇಲೆ ಕಾಲು.

"ಚಪ್ಪಲಿ ಎಲ್ಲಮ್ಮ?"

"ನಿಮ್ಮ ಹುಡುಗ ಇಸ್ಕೊಂಡ. ಸಾರ್, ನನ್ನ ಕೊಲ್ಲೋದಾದ್ರೆ ಮೂರು ಗಂಟೆ ಮೇಲೆ ಕೊಲ್ಲಿ. ಈಗ ನನ್ನಿಂದ ನಿಮಗೆ ಕೆಲ್ಸ ಇದೆ."

"ಎಲ್ಲ ಫೈಲೂ ಯಾಕೆ ನೋಡ್ದೆ?"

"ಹದಿನೆಂಟನೇ ಲಿಫ್ಟು ಬಿದ್ದಿದೆ. ಅದರ ಫೈಲಲ್ಲಿ, ಎಲ್ಲ ಸರಿಯಿದೆ ಅಂತ ನಿಮ್ಮದೇ ಸಹಿ ಕೂತಿದೆ. ಸರ್ಟಿಫಿಕೇಟೇ ಇರ್ಲಿಲ್ಲ ಅಂತ ವಿಚಾರಣೇಲಿ ತೋರ್ಸೋಕೆ ಅದನ್ನ ತೆಗೀಬೇಕು ಅಂದ್ರಿ. ತೆಗೆದ್ರೆ ಮಿಕ್ಕಿದ್ದಕ್ಕೆ ಏನಾಗುತ್ತೆ ಅಂತ ನೋಡೋದು ಬೇಡ್ವಾ? ಅದು ನನ್ನ ಕೆಲ್ಸ."

"ಮಿಕ್ಕಿದ್ದಕ್ಕೆ ಏನಾಗುತ್ತೆ? ಬೇರೆ ಬೇರೆ ಕಾಪಿ ಮಾಡಿಸಿ ಹಾಕಿದೀನಿ."

ನಾನು ಬಾಯಿ ಮುಚ್ಚಿಕೊಂಡೆ. ಅವನು ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಅವನು ಕೇಳಲಿಲ್ಲ, ಹೇಳಿದ. ದೊಡ್ಡವರು ಹೇಳಿದ್ದಕ್ಕೆ ಎದುರಾಡಬಾರದು.

ಬಾಗಿಲು ಧಡಾರನೆ ತೆರೆಯಿತು. ಗೋಡೆ. ಏದುಸಿರು ಬಿಡುತ್ತಿದ್ದ. ಒಂದು ಕೈಯಲ್ಲಿ ನನ್ನ ಎಡಗಾಲಿನ ಚಪ್ಪಲಿ.

"ಇವ್ಳು ನನ್ನ ಕಾಲು..."

"ಸುಮ್ನಿರು." ಮೊಹರು ಕುರ್ಚಿಯಲ್ಲಿ ಕುಳಿತ. ಹದಿನೆಂಟನೇ ಫೈಲು ತೆರೆದ. "ಬೇಗ ಹೇಳು. ಏನ್ ಮಾಡ್ಬೇಕು?"

"ನೀವೇನೂ ಮಾಡ್ಬೇಡಿ. ನಾನು ಚೀಟಿ ಮಾತ್ರ ತೆಗೀತೀನಿ. ಆ ಫೈಲಿಂದ ಸರ್ಟಿಫಿಕೇಟ್ ಹೋಗುತ್ತೆ. ಕಾಗದ ಬೀರುವಿನಲ್ಲಿ ಹಾಗೇ ಇರಲಿ. ಅದನ್ನ ಮುಟ್ಟೋದು ಬೇಡ."

ಇದು ಅಪ್ಪಟ ಸತ್ಯ. ನನ್ನ ಇಪ್ಪತ್ತು ವರ್ಷದ ಕಸುಬಿನಲ್ಲಿ ಇದಕ್ಕಿಂತ ಒಳ್ಳೆಯ ಸಲಹೆಯನ್ನು ಯಾರಿಗೂ ಕೊಟ್ಟಿಲ್ಲ. ಆದರೆ ಇಂಥವರಿಗೆ ಸತ್ಯ ಹೇಳಿದರೆ ಏನು ಮಾಡುತ್ತಾರೆಂದು ನನಗೆ ಗೊತ್ತಿತ್ತು.

ಅವನ ಕಣ್ಣು ಸಣ್ಣದಾಯಿತು. "ಹಾಗೇ ಇರಲಿ ಅಂದ್ರೆ? ನನ್ನ ಸಹಿ ಇರೋ ಪೇಪರ್ ಒಳಗೆ ಉಳಿಯುತ್ತಾ?"

"ಉಳಿಯುತ್ತೆ ಸಾರ್. ಯಾರಿಗೂ ಕಾಣಲ್ಲ."

"ನಿಂಗೆ ಕಾಣುತ್ತಲ್ಲ. ನಾಳೆ ಬಂದು ಅದನ್ನ ಇಟ್ಕೊಂಡು ನನ್ನ ಆಟ ಆಡಿಸೋಣ ಅಂತಾನಾ? ಈ ಕೂದಲು ಬಿಸಿಲಲ್ಲಿ ಬೆಳ್ಳಗಾಗಿದ್ದಲ್ಲ ಕಣಮ್ಮ. ಪೇಪರೇ ಹೋಗ್ಬೇಕು. ಬುಡ ಸಮೇತ."

"ಬೇಡ ಸಾರ್. ನನ್ನ ಮಾತು ಕೇಳಿ. ಕಾಗದ ತೆಗೀಬೇಡಿ."

"ನೋಡಿದ್ಯೇನೋ ಇವ್ಳ ಮುಖ?" ಎಂದು ಗೋಡೆಗೆ ಹೇಳಿ ನಕ್ಕ. "ಬಣ್ಣ ಹೇಗೆ ಬಯಲಾಯ್ತು ನೋಡು."

ಪೂರ್ತಿ ಅಳಿಸು ಎಂಬುದನ್ನು ಒತ್ತಿದ. ಪರದೆಯ ಮೇಲೆ ಕೆಂಪು ಪೆಟ್ಟಿಗೆ ಬಂತು. 'ಈ ಕಾಗದ ಬೇರೆ ಫೈಲುಗಳಲ್ಲೂ ಬಳಕೆಯಲ್ಲಿದೆ. ಮುಂದುವರಿಯಬೇಕೆ?' ದಪ್ಪ ಅಕ್ಷರ. ನಾನು ನಿಂತ ಜಾಗದಿಂದಲೇ ಓದಬಹುದಿತ್ತು.

ಅವನು ಓದಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಕೋಟಿನ ತೋಳು ಸರಿಮಾಡಿಕೊಂಡು, ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದ.

ಒಂದು ಗಂಟೆ ಐವತ್ತಾರು ನಿಮಿಷ.

"ಇವಳನ್ನ ಇಲ್ಲೇ ಇಟ್ಕೋ," ಎಂದ ಗೋಡೆಗೆ. "ನಾನು ವಿಚಾರಣೆ ಮುಗ್ಸಿ ಫೋನ್ ಮಾಡ್ತೀನಿ. ಆಮೇಲೆ ಹದಿನಾಲ್ಕನೇ ಮಹಡಿಗೆ ಕರ್ಕೊಂಡ್ಹೋಗು. ಈ ಸಲ ಬರೀ ಚಪ್ಪಲಿ ಅಲ್ಲ."

ಕೋಣೆಯ ಮೂಲೆಯಲ್ಲೇ ಅವನ ಖಾಸಗಿ ಲಿಫ್ಟು. ನಲವತ್ತೊಂದನೇ ನಂಬರು. ಅವನೊಬ್ಬನೇ ಹತ್ತುವುದು. ಮಿಕ್ಕ ನೌಕರರು ಹನ್ನೆರಡು ದಿನದಿಂದ ಮೆಟ್ಟಿಲು ಹತ್ತುತ್ತಿದ್ದರು. ಗಡಿಯಾರ ನೋಡಿಕೊಂಡು, ಕೂದಲು ಬಾಚಿಕೊಂಡು, ಆಮೇಲೆ ಒಳಗೆ ಹೋದ. ಬಾಗಿಲು ಮುಚ್ಚಿತು.

ಎರಡು ಗಂಟೆ ಹೊಡೆಯಿತು.

ಆ ಕಂಪನಿಯ ಲಿಫ್ಟುಗಳಿಗೆ ಒಂದು ಒಳ್ಳೆಯ ಗುಣವಿದೆ. ಅರ್ಧ ಗಂಟೆಗೊಮ್ಮೆ ಎಲ್ಲವೂ ಡೇಟಾಬೇಸನ್ನು ಕೇಳುತ್ತವೆ: ನನ್ನ ಸರ್ಟಿಫಿಕೇಟ್ ಇದೆಯಾ? ಇದೆ ಎಂದರೆ ಓಡುತ್ತವೆ. ಇಲ್ಲ ಎಂದರೆ ಕರೆಂಟ್ ಕಡಿದುಕೊಂಡು, ಬ್ಯಾಟರಿಯ ಬಲದಲ್ಲಿ ಹತ್ತಿರದ ಮಹಡಿಗೆ ಹೋಗಿ, ಬಾಗಿಲು ತೆರೆದು ನಿಲ್ಲುತ್ತವೆ. ಆಮೇಲೆ ಮೆಕ್ಯಾನಿಕ್ ತನ್ನ ಕೀಲಿ ಹಾಕಿದರೆ ಹೊರತು, ಯಾರು ಗೋಗರೆದರೂ ಕದಲುವುದಿಲ್ಲ.

ಎರಡು ಗಂಟೆಗೆ ನಲವತ್ತು ಲಿಫ್ಟುಗಳು ಕೇಳಿದವು. ನಲವತ್ತು ಫೈಲುಗಳಲ್ಲೂ ಚೀಟಿ ಇತ್ತು. ಬೀರುವಿನಲ್ಲಿ ಕಾಗದ ಇರಲಿಲ್ಲ.

ಮೊದಲು ಹೊರಗಿನ ಟೇಬಲ್ಲಿನ ಫೋನು ಬಡಿದುಕೊಂಡಿತು. ಆಮೇಲೆ ಪಕ್ಕದ್ದು. ಆಮೇಲೆ ಇಡೀ ಮಹಡಿಯದು. ಕೊನೆಗೆ ಗೋಡೆಯ ಮೊಬೈಲ್.

"ಅಮ್ಮಾ, ಡ್ಯೂಟೀಲಿದೀನಿ... ಏನು? ನಿಂತೋಯ್ತಾ? ನೀನೆಲ್ಲಿದ್ದೀಯ? ಹೊರಗೆ ಬಂದ್ಯಾ? ಸರಿ, ಅಲ್ಲೇ ಕೂತ್ಕೊ. ಮೆಟ್ಟಿಲು ಇಳೀಬೇಡ, ಮಂಡಿ ನೋವಿದೆ."

ಫೋನಿಟ್ಟ. ನನ್ನನ್ನು ನೋಡಿದ. "ಏನ್ ಮಾಡ್ದೆ ನೀನು?"

"ನಾನೇನೂ ಮಾಡ್ಲಿಲ್ಲ. ನಿನ್ನ ಕಣ್ಣೆದುರೇ ಒತ್ತಿದ್ದು ನಿಮ್ಮ ಸಾಹೇಬ್ರು. ನಿಮ್ಮಮ್ಮ ಇರೋದು ಯಾವ ಲಿಫ್ಟಿನ ಬಿಲ್ಡಿಂಗು?"

"ನಿಂಗ್ಯಾಕೆ?"

"ನಂಬರ್ ಹೇಳು ಮಾರಾಯ."

"...ಇಪ್ಪತ್ತೆರಡು."

ನಾನು ಮೊಹರಿನ ಕುರ್ಚಿಯಲ್ಲಿ ಕುಳಿತೆ. ಅವನು ತಡೆಯಲು ಬಂದ. ಅಷ್ಟರಲ್ಲಿ ಇಪ್ಪತ್ತೆರಡನೇ ಲಿಫ್ಟಿನ ಬಗ್ಗೆ ಭಾವ ಬರೆದಿದ್ದ ವರದಿ ಪರದೆಗೆ ಬಂದಿತ್ತು. ಪರದೆಯನ್ನು ಅವನ ಕಡೆ ತಿರುಗಿಸಿದೆ.

ಅವನು ತುಟಿ ಆಡಿಸುತ್ತಾ ಓದಿದ. "ರೋಪಿನಲ್ಲಿ ಎರಡು ಎಳೆ ತುಂಡಾಗಿದೆ. ಓಡಿಸಬಾರದು. ಆರನೇ ಮಹಡಿಯಲ್ಲಿ ಮಂಡಿ ನೋವಿನ ಒಬ್ಬರು ಅಜ್ಜಿ ಇದ್ದಾರೆ, ಮೆಟ್ಟಿಲು ಆಗುವುದಿಲ್ಲ. ದಯವಿಟ್ಟು ಬೇಗ ಬದಲಿಸಿ." ತಾರೀಖು ಎರಡು ತಿಂಗಳ ಹಿಂದಿನದು.

ಎರಡನೇ ಸಲ ಓದಿದ. ಚಪ್ಪಲಿ ಇನ್ನೂ ಕೈಯಲ್ಲೇ ಇತ್ತು.

"ನಮ್ಮಮ್ಮ ಆರನೇ ಮಹಡಿ," ಎಂದ.

"ಗೊತ್ತಾಯ್ತು."

"ಇದನ್ನ ಬರೆದೋರು..."

"ಹದಿನಾಲ್ಕನೇ ಮಹಡೀಲಿ ನೀನು ನನ್ನ ನೇತಾಡಿಸಿದ್ಯಲ್ಲ, ಆ ಗುಂಡೀಲಿ ಸತ್ತೋರು. ನಮ್ಮ ಭಾವ."

ಗೋಡೆ ಚಪ್ಪಲಿಯನ್ನು ನನ್ನ ಕಾಲ ಬಳಿ ಮೆಲ್ಲಗೆ ಇಟ್ಟ. "ಏನ್ ಮಾಡ್ಬೇಕೋ ಮಾಡ್ಕೊಳ್ಳಿ ಮೇಡಂ," ಎಂದು ಬಾಗಿಲಿಗೆ ಹೋಗಿ, ಹೊರಗಿನಿಂದ ಯಾರೂ ಬರದಂತೆ ಅಡ್ಡ ನಿಂತ.

ಡೇಟಾಬೇಸಿನಲ್ಲಿ ನನ್ನ ಹೆಸರಿಗೆ ಕಾಗದ ಅಳಿಸುವ ಅಧಿಕಾರ ಇರಲಿಲ್ಲ. ಚೀಟಿ ಇಡುವ ಅಧಿಕಾರ ಇತ್ತು. ನಲವತ್ತೊಂದು ಫೈಲಿಗೂ ಭಾವನ ವರದಿಯ ಚೀಟಿಯನ್ನು ವಾಪಸ್ ಇಟ್ಟೆ. ಒಂದೊಂದಾಗಿ, ನಂಬರು ನೋಡಿಕೊಂಡು. ಹದಿನೆಂಟನೆಯದನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅದರಲ್ಲಿ ಭಾವ ಬರೆದಿದ್ದರು: "ರೋಪ್ ಪೂರ್ತಿ ಸವೆದಿದೆ. ನಿಲ್ಲಿಸಲು ಮೂರು ಸಲ ಹೇಳಿದ್ದೇನೆ. ಓಡಿಸಿ ನೋಡು ಎಂದು ಸಾಹೇಬರ ಅಪ್ಪಣೆ. ನಾಳೆ ಒಬ್ಬನೇ ಹತ್ತುತ್ತೇನೆ, ಬೇರೆ ಯಾರನ್ನೂ ಹತ್ತಿಸಬೇಡಿ."

ಅದರ ಚೀಟಿಯನ್ನೂ ಇಟ್ಟೆ.

ಅದೇ ಹೊತ್ತಿಗೆ ಟೇಬಲ್ಲಿನ ಮೇಲಿದ್ದ ಕಪ್ಪು ಡಬ್ಬಿ ಗುರ್ರ್ ಎಂದಿತು. ಖಾಸಗಿ ಲಿಫ್ಟಿನ ಎಮರ್ಜೆನ್ಸಿ ಫೋನು. ಬೇರೆ ಯಾರ ಕಿವಿಗೂ ಬೀಳಬಾರದೆಂದು ಮೊಹರು ಅದನ್ನು ತನ್ನ ಟೇಬಲ್ಲಿಗೇ ಹಾಕಿಸಿಕೊಂಡಿದ್ದ.

"ಯಾರಿದೀರಾ? ಲಿಫ್ಟ್ ನಿಂತಿದೆ... ಕತ್ತಲೆ... ಯಾವ ಮಹಡಿ ಅಂತಾನೂ ಗೊತ್ತಾಗ್ತಿಲ್ಲ..."

"ಹನ್ನೊಂದು ಹನ್ನೆರಡರ ಮಧ್ಯೆ ಸಾರ್," ಎಂದೆ. ಡಬ್ಬಿಯ ಮೇಲಿನ ದೀಪ ಹಾಗೆಂದು ತೋರಿಸುತ್ತಿತ್ತು.

"ನೀನಾ? ಏನೇ ಮಾಡ್ದೆ?"

"ಕಾಗದ ತೆಗೀಬೇಡಿ ಅಂದೆ. ಎರಡು ಸಲ ಅಂದೆ. ಎಲ್ಲ ಫೈಲಿಗೂ ಇದ್ದದ್ದು ಅದೊಂದೇ ಕಾಗದ. ಬೇರೆ ಬೇರೆ ಕಾಪಿ ಇರ್ಲೇ ಇಲ್ಲ ಸಾರ್. ಎಲ್ಲ ಲಿಫ್ಟೂ ನಿಂತಿದೆ. ನಿಮ್ಮದೂ ಸೇರಿ."

"ನಿಂತ್ರೆ ಮಹಡಿಗೆ ಹೋಗಿ ಬಾಗಿಲು ತೆಗೀಬೇಕಲ್ವಾ? ಇದ್ಯಾಕೆ ಮಧ್ಯದಲ್ಲಿ..."

"ತಡೀರಿ, ನಿಮ್ಮ ಲಿಫ್ಟಿನ ವರದಿ ಓದ್ತೀನಿ. ನಲವತ್ತೊಂದು... ಹಾಂ. 'ಬ್ಯಾಟರಿ ಸತ್ತಿದೆ. ಕರೆಂಟ್ ಹೋದರೆ ಮಹಡಿಗಳ ಮಧ್ಯೆ ನಿಲ್ಲುತ್ತದೆ. ಬದಲಿಸಿ.' ಚೆನ್ನಾಗಿ ಬರೆದಿದಾರೆ. ನೀವು ಓದಿದ್ರೆ ಒಳ್ಳೇದಿತ್ತು."

"ಯಾರು... ಆ ಮೆಕ್ಯಾನಿಕ್ಕಾ? ಅದೆಲ್ಲ ತೆಗೆಸಿದ್ದೆ ನಾನು."

"ಆವತ್ತು ಚೀಟಿ ತೆಗೆಸಿ ಕಾಗದ ಬಿಟ್ರಿ. ಇವತ್ತು ಚೀಟಿ ಬಿಟ್ಟು ಕಾಗದ ತೆಗೆದ್ರಿ. ಎರಡು ಸಲಾನೂ ಉಲ್ಟಾ."

ಅವನ ಸ್ವರ ಬದಲಾಯಿತು. "ನೋಡಮ್ಮ... ಯಾರಾದ್ರೂ ಮೆಕ್ಯಾನಿಕ್ ಕಳಿಸು. ಬೇಗ."

"ಕರೆದಿದಾರೆ ಸಾರ್. ಬರ್ತಾರೆ. ಬೇರೆ ಲಿಫ್ಟೆಲ್ಲ ನೋಡ್ಕೊಂಡು, ಮೆಟ್ಟಿಲು ಹತ್ಕೊಂಡು ಬರ್ಬೇಕಲ್ಲ. ಬೇಗ ಬಿಡಿಸೋರು ಒಬ್ರೇ ಇದ್ರು. ನಮ್ಮ ಭಾವ. ಹನ್ನೆರಡು ದಿನದ ಹಿಂದೆ ಅವ್ರನ್ನ ನೀವು ಓಡಿಸಿ ನೋಡು ಅಂತ ಹತ್ತಿಸಿದ್ರಿ."

ಒಳಗಿನಿಂದ ಬಾಗಿಲು ಬಡಿಯುವ ಸದ್ದು ಕೇಳಿಸಿತು.

"ರೋಪ್..." ಎಂದ. "ಈ ಲಿಫ್ಟಿನ ರೋಪ್ ಬಗ್ಗೆ ಏನಾದ್ರೂ ಬರೆದಿದಾನಾ?"

ಬರೆದಿದ್ದರು. ಮುಂದಿನ ಸಾಲಿನಲ್ಲೇ ಇತ್ತು. 'ರೋಪ್ ಹೊಸದು, ಯಾವ ತೊಂದರೆಯೂ ಇಲ್ಲ.'

"ಬರೆದಿದಾರೆ," ಎಂದೆ. ಫೈಲು ಮುಚ್ಚಿದೆ. ಡಬ್ಬಿಯ ಸ್ವಿಚ್ಚನ್ನೂ ಆರಿಸಿದೆ.

ನೀವು ಏನು ಬೇಕಾದರೂ ಅಂದುಕೊಳ್ಳಿ. ನನಗೆ ಪಶ್ಚಾತ್ತಾಪ ಇಲ್ಲ. ಭಾವ ಆ ಲಿಫ್ಟು ಹತ್ತುವ ಹಿಂದಿನ ರಾತ್ರಿ ಹೇಗೆ ಕಳೆದರೋ, ಅದರಲ್ಲಿ ಮೂರು ಗಂಟೆಯಷ್ಟಾದರೂ ಇವನಿಗೆ ಗೊತ್ತಾಗಲಿ ಅನ್ನಿಸಿತು.

ಎರಡೂ ಮುಕ್ಕಾಲಿಗೆ ನಾನು ಮೆಟ್ಟಿಲು ಇಳಿದೆ. ಗೋಡೆ ಮುಂದೆ, ನಾನು ಹಿಂದೆ. ಜನ ಗೋಡೆಗೆ ತಾವಾಗೇ ದಾರಿ ಬಿಟ್ಟರು. ಎರಡು ರಸ್ತೆ ಆಚೆ ವಿಚಾರಣೆಯ ಕೋಣೆ. ಅಕ್ಕ ಹಿಂದಿನ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ನನ್ನ ಒಂದು ಚಪ್ಪಲಿಯ ಕಾಲು ನೋಡಿ ಹಣೆ ಚಚ್ಚಿಕೊಂಡಳು.

ಮೂರು ಗಂಟೆಗೆ ಸರಿಯಾಗಿ ಅಧಿಕಾರಿ ಹದಿನೆಂಟನೇ ಫೈಲು ತೆರೆದರು. ಕನ್ನಡಕ ಏರಿಸಿಕೊಂಡು ಭಾವನ ವರದಿಯನ್ನು ಗಟ್ಟಿಯಾಗಿ ಓದಿದರು. 'ನಾಳೆ ಒಬ್ಬನೇ ಹತ್ತುತ್ತೇನೆ' ಎಂಬಲ್ಲಿಗೆ ಬಂದಾಗ ಅವರ ದನಿ ತಗ್ಗಿತು. ಆಮೇಲೆ ಫೈಲಿನ ಕೊನೆಗೆ ಡೇಟಾಬೇಸು ತಾನಾಗೇ ಬರೆದುಕೊಂಡಿದ್ದ ಒಂದು ಸಾಲನ್ನು ಓದಿದರು.

'ಇಂದು, ಒಂದು ಗಂಟೆ ಐವತ್ತಾರು ನಿಮಿಷ. ಒಂದು ಸರ್ಟಿಫಿಕೇಟ್ ಅಳಿಸಲಾಗಿದೆ. ಅಳಿಸಿದವರು: ಮುಖ್ಯಸ್ಥರು, ಹೆಬ್ಬೆಟ್ಟಿನ ಗುರುತು ಸಹಿತ. ಅದನ್ನು ಬಳಸುತ್ತಿದ್ದ ಫೈಲುಗಳು: ನಲವತ್ತೊಂದು.'

ಕಂಪನಿಯ ವಕೀಲರು ಎದ್ದು ನಿಂತರು.

"ಒಂದು ಸರ್ಟಿಫಿಕೇಟ್, ನಲವತ್ತೊಂದು ಲಿಫ್ಟಿಗೆ," ಎಂದರು ಅಧಿಕಾರಿ. "ಅದೂ ವಿಚಾರಣೆಗೆ ಒಂದು ಗಂಟೆ ಮುಂಚೆ ಅಳಿಸಿದ್ದಾರೆ. ಎಲ್ರೀ ನಿಮ್ಮ ಮುಖ್ಯಸ್ಥರು?"

"ದಾರೀಲಿದಾರೆ ಸಾರ್," ಎಂದೆ ನಾನು ಹಿಂದಿನಿಂದ. ಅದೂ ಸುಳ್ಳಲ್ಲ.

ಮೊಹರನ್ನು ಐದೂವರೆಗೆ ಹೊರಗೆ ತೆಗೆದರು. ಟೈ ಬಿಚ್ಚಿತ್ತು, ಕೋಟು ಒದ್ದೆಯಾಗಿತ್ತು. ಮೆಟ್ಟಿಲು ಇಳಿಸಿಕೊಂಡು ಬಂದದ್ದು ಇಬ್ಬರು ಪೊಲೀಸರು. ಲಿಫ್ಟು ಕಂಡರೆ ಈಗಲೂ ಬೆವರುತ್ತಾನಂತೆ. ಜೈಲಿನಲ್ಲಿ ಲಿಫ್ಟು ಇಲ್ಲ, ಆ ಮಟ್ಟಿಗೆ ಪುಣ್ಯವಂತ.

ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅಕ್ಕನಿಗೆ ಭಾವನ ವರದಿಗಳ ವಿಷಯ ಹೇಳಿದೆ, ಆರನೇ ಮಹಡಿಯ ಅಜ್ಜಿಯದೂ ಸೇರಿ. ಬಾಗಿಲ ಬೀಗ ತೆಗೆಯುವಾಗ ಅವಳು ಅಂದಳು: "ಆ ಅಜ್ಜಿ ವಿಷಯ ಮನೇಲೂ ಹೇಳ್ತಿದ್ರು ಕಣೇ. ರೋಪ್ ಬದಲಾಯಿಸಿದ್ರಾ?"

"ನಾಳೆ ಬದಲಾಯಿಸ್ತಾರೆ."

"ಹಾಗಾದ್ರೆ ಸರಿ," ಎಂದು ಒಳಗೆ ಹೋದಳು. ಊಟದ ಡಬ್ಬಿಯನ್ನು ಒರೆಸಿ ಕಪಾಟಿನಲ್ಲಿ ಇಟ್ಟಳು. ಆಮೇಲೆ ಅತ್ತಳು. ಹನ್ನೆರಡು ದಿನದಲ್ಲಿ ಮೊದಲ ಸಲ ನೆಮ್ಮದಿಯಾಗಿ ಅತ್ತಳು. ನಾನೂ ಅತ್ತೆ.

ಕತೆ ಮುಗಿಯಿತು. ಹಾಂ, ನಿಮ್ಮ ಕೆಲಸ. ಯಾವುದೋ ದಾಖಲೆ ಅಳಿಸಬೇಕು ಎಂದು ಬಂದಿರಲ್ಲ... ಯಾಕೆ ಎದ್ದಿರಿ? ಕುಳಿತುಕೊಳ್ಳಿ. ಚೀಟಿ ತೆಗೆಯೋಣವೋ, ಕಾಗದ ತೆಗೆಯೋಣವೋ, ನಿಮ್ಮಿಷ್ಟ.

ಹೆಬ್ಬೆಟ್ಟು ಮಾತ್ರ ನೀವೇ ಒತ್ತಬೇಕು.